ಬೆಂಕಿಪೊಟ್ಟಣ ಇಲ್ಲದ ಹಾಡು

ಅವಳು ಫಲಕದ ಮೇಲಿನ ಅಕ್ಷರಗಳನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹೊಳಪು ಕಾಗದ, ಸುಲಭಕ್ಕೆ ಬಗ್ಗುವಂಥದ್ದಲ್ಲ. 'ಬೆಂಕಿ' ಹೋಗಿತ್ತು, 'ಪೊಟ್ಟಣ' ಹಾಗೇ ಉಳಿದಿತ್ತು.

"ಅಮ್ಮ, ಬಿಡು. ಜನ ನೋಡ್ತಿದಾರೆ," ಎಂದಳು ಮಗಳು.

"ನೋಡ್ಲಿ. ಆ ಹಾಡಿನ ಹೆಸರು ಅದಲ್ಲ."

"ಗೊತ್ತಮ್ಮ. ಅಪ್ಪ ಸಾವಿರ ಸಲ ಹೇಳಿದಾರೆ. ಹಾಗಂತ ಇವತ್ತೂ ಅದನ್ನೇ ಹಿಡ್ಕೊಂಡು ಕೂರ್ತೀಯಾ?"

ಚಿತಾಗಾರದ ಬಾಗಿಲಲ್ಲಿ ನಿಲ್ಲಿಸಿದ್ದ ಫಲಕ ಅದು. ಅವಳ ಗಂಡನ ಫೋಟೊ, ಕೆಳಗೊಂದು ಸಾಲು: 'ಬೆಂಕಿಪೊಟ್ಟಣ' ಖ್ಯಾತಿಯ ರಾಕ್ ತಂಡದ ಬೇಸ್ ಗಿಟಾರ್ ವಾದಕ. ಹಾಗೆ ಬರೆಸಿದ್ದು ಮಗಳೇ. ಮೂವತ್ತು ವರ್ಷ ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡಿದವನು ಎಂದು ಬರೆಸಿದ್ದರೆ ಯಾರು ಬರುತ್ತಿದ್ದರು ಎಂಬುದು ಮಗಳ ಲೆಕ್ಕಾಚಾರ. ಆದರೂ ಬಂದವರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯವರೇ ಆಗಿದ್ದರು. ಅವರ ಬಾಯಲ್ಲಿ ಅವನು ಲಿಫ್ಟಣ್ಣ. ತಂಡದವರ ಬಾಯಲ್ಲಿ ಮೌನಿ.

ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಇವರ ಸರದಿ. ಆಮೇಲೆ ಇನ್ನೊಬ್ಬರದು, ಅವರ ಕಡೆಯವರು ಆಗಲೇ ಅಂಗಳದಲ್ಲಿ ನಿಂತಿದ್ದರು. ಹತ್ತೇ ನಿಮಿಷದಲ್ಲಿ ತಂಡದ ಗಾಯಕ ಬರುವವನಿದ್ದ. ಬಂದು ನಾಲ್ಕು ಮಾತಾಡಿ, ಹಾಡಿ, ಹೋಗುತ್ತಾನೆ.

"ಅವರ ಹತ್ರ ಹೇಳಿಸ್ತೀನಿ," ಎಂದಳು ಅವಳು. "ಇದು ಮೌನಿ ಬರೆದ ಹಾಡು ಅಂತ, ಎಲ್ಲರ ಮುಂದೆ. ಕಾಲು ಹಿಡ್ಕೋಬೇಕಾದ್ರೂ ಸರಿ. ಸುಟ್ಟ ಮೇಲೆ ಹೇಳಿ ಯಾರಿಗೇನು?"

ಮಗಳು ಅಮ್ಮನ ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಕಾಗದದ ಚೂರನ್ನು ತೆಗೆದು, ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

*

ನಲವತ್ತೊಂದು ವರ್ಷದ ಹಿಂದೆ ಆ ತಂಡ ಒಂದೇ ಒಂದು ಪುಟ್ಟ ಗ್ರಾಮಫೋನ್ ರೆಕಾರ್ಡು ಮಾಡಿತ್ತು. ಮುಂದಿನ ಮಗ್ಗುಲಿಗೆ ಗಾಯಕ ಬರೆದ 'ಬೆಂಕಿಪೊಟ್ಟಣ', ಹಿಂದಿನ ಮಗ್ಗುಲಿಗೆ ಮೌನಿ ಬರೆದ 'ಬರ್ತೀನಿ'. 'ಬೆಂಕಿಪೊಟ್ಟಣ'ದಲ್ಲಿ ಗದ್ದಲವಿತ್ತು, ಹಾಡಿರಲಿಲ್ಲ. ಆದರೆ ತಂಡ ಗಾಯಕನದು, ವ್ಯಾನು ಗಾಯಕನ ಮಾವನದು. ಅಲ್ಲಿಗೆ ಮಾತು ಮುಗಿಯಿತು.

ಅವಳು ಆಗ ರೆಕಾರ್ಡು ಒತ್ತುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕೆಳಗಿನ ಅಚ್ಚಿನ ನಡುವೆ ಒಂದು ಲೇಬಲ್, ಮೇಲಿನ ಅಚ್ಚಿಗೆ ಇನ್ನೊಂದು, ಮಧ್ಯೆ ಬಿಸಿ ಪ್ಲಾಸ್ಟಿಕ್ಕಿನ ಮುದ್ದೆ. ಅಚ್ಚು ಮುಚ್ಚಿ ತೆರೆದರೆ ರೆಕಾರ್ಡು ತಯಾರು. ಅಂಟು ಗಿಂಟು ಏನಿಲ್ಲ, ಲೇಬಲ್ ಆ ಬಿಸಿಗೇ ಪ್ಲಾಸ್ಟಿಕ್ಕಿನಲ್ಲಿ ಕೂತುಬಿಡುತ್ತದೆ. ಆಮೇಲೆ ಬೇಕೆಂದರೂ ಕಿತ್ತು ಬರುವುದಿಲ್ಲ.

'ಬರ್ತೀನಿ' ಅವಳ ಮೇಲೆಯೇ ಕಟ್ಟಿದ ಹಾಡು. ಬಸ್ ಸ್ಟಾಪಿನಲ್ಲಿ ಬರ್ತೀನಿ, ಬರ್ತೀನಿ ಎಂದು ನಾಲ್ಕು ಸಲ ಹೇಳಿ, ನಾಲ್ಕು ಬಸ್ಸು ಬಿಟ್ಟು, ಅಲ್ಲೇ ನಿಲ್ಲುವ ಹುಡುಗಿ. ಅವನು ಅದನ್ನು ಗುನುಗಿದಾಗ ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಿರಲಿಲ್ಲ. ರೇಡಿಯೊದವರು ಮುಂದಿನ ಮಗ್ಗುಲನ್ನು ಮಾತ್ರ ಹಾಕುತ್ತಾರೆ, ತಿರುಗಿಸಿ ನೋಡುವಷ್ಟು ಪುರುಸೊತ್ತು ಅವರಿಗಿಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವತ್ತು ಬೆಳಗಿನ ಪಾಳಿಯಲ್ಲಿ ಅವಳು ಮುಂದಿನ ಮಗ್ಗುಲಿನ ಲೇಬಲ್ 'ಬರ್ತೀನಿ'ಯ ಮೇಲೆ ಕೂರುವಂತೆ ಎರಡು ಲೇಬಲ್ ಕಟ್ಟುಗಳನ್ನು ಅದಲುಬದಲು ಮಾಡಿಟ್ಟಳು. ಸಂಜೆಯವರೆಗೆ ಐನೂರು ರೆಕಾರ್ಡು ಒತ್ತಿದಳು. ರೇಡಿಯೊದಲ್ಲಿ ಒಮ್ಮೆ ಬರಲಿ, ತಪ್ಪು ಗೊತ್ತಾಗಿ ನಾಲ್ಕು ದಿನದಲ್ಲಿ ಸರಿಮಾಡುತ್ತಾರೆ ಎಂದುಕೊಂಡಿದ್ದಳು.

ಹಾಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದವರ ಹೆಸರೂ ಇದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

'ಬರ್ತೀನಿ' ಆ ತಪ್ಪು ಹೆಸರಿನಲ್ಲೇ ಊರೆಲ್ಲ ಹಬ್ಬಿತು. ಅಂಗಡಿಗೆ ಬಂದವರೆಲ್ಲ 'ಬೆಂಕಿಪೊಟ್ಟಣ' ಕೊಡಿ ಎನ್ನುತ್ತಿದ್ದರು. ಈಗ ಹೆಸರು ಬದಲಾಯಿಸಿದರೆ ಕೊಳ್ಳುವವರು ದಾರಿ ತಪ್ಪುತ್ತಾರೆ ಎಂದು ಕಂಪನಿ ಲೇಬಲನ್ನು ಹಾಗೇ ಬಿಟ್ಟಿತು. ತನ್ನ ಹಾಡು ಹಿಂದೆ ಬಿತ್ತೆಂದು ಕೂಗಾಡುತ್ತಿದ್ದ ಗಾಯಕ, ಗೆದ್ದ ಹಾಡಿನ ಕೆಳಗೆ ತನ್ನ ಹೆಸರು ನೋಡಿ ತಣ್ಣಗಾದ. ಹಾಡಿನಲ್ಲೆಲ್ಲೂ ಬೆಂಕಿಪೊಟ್ಟಣವೇ ಇಲ್ಲವಲ್ಲ ಎಂದು ಯಾರೋ ಕೇಳಿದರೆ, ಹೃದಯವೇ ಬೆಂಕಿಪೊಟ್ಟಣ ಎಂದು ಒಬ್ಬ ಮೇಷ್ಟ್ರು ಪತ್ರಿಕೆಯಲ್ಲಿ ಎರಡು ಪುಟ ಬರೆದರು. ಮೌನಿಯ ಹೆಸರು ಹಿಂದಿನ ಮಗ್ಗುಲಿಗೆ, ಗಾಯಕನ ಗದ್ದಲದ ಕೆಳಗೆ ಹೋಗಿ ಕೂತಿತು.

*

ಗಾಯಕ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದ. ಶವಪೆಟ್ಟಿಗೆಯ ಮುಂದೆ ನಿಂತಾಗ ಮಾತ್ರ ಅವನ ಕಣ್ಣು ನಿಜವಾಗಿಯೇ ಒದ್ದೆಯಾಯಿತು. ಅವಳು ಅವನನ್ನು ಗೋಡೆಯ ಪಕ್ಕಕ್ಕೆ ಕರೆದಳು. ಮಗಳೂ ಜೊತೆಗೆ ಬಂದಳು.

"ಒಂದೇ ಮಾತು ಹೇಳಿಬಿಡಿ. ಹಾಡು ಅವರದ್ದು ಅಂತ. ನಿಮಗೆ ಗೊತ್ತಲ್ಲ."

"ಅತ್ತಿಗೆ, ನನಗೆ ಗೊತ್ತಿದ್ರೆ ಸಾಕಾ? ನಲವತ್ತು ವರ್ಷ ಹಾಡಿದೀನಿ. ಈಗ ಹೇಳಿದ್ರೆ ಜನ ನನ್ನನ್ನ ಕಳ್ಳ ಅಂತಾರೆ. ನಾನೇನು ಕದ್ದೆನಾ? ಲೇಬಲ್ ತಪ್ಪು ಹಾಕಿದ್ದು ಫ್ಯಾಕ್ಟರಿಯವರು."

"ಅವರು ಹೋಗ್ತಿದಾರೆ. ಇನ್ನರ್ಧ ಗಂಟೆ ಇದೆ ಅಷ್ಟೇ."

"ಒಂದು ಕೆಲಸ ಮಾಡಿ. ಆ ಲೇಬಲ್ ಹಾಕಿದವನನ್ನ ಕರ್ಕೊಂಡು ಬನ್ನಿ. ತಪ್ಪು ನನ್ನದು ಅಂತ ಅವನು ಹೇಳ್ಲಿ, ಆಗ ನಾನೂ ಹೇಳ್ತೀನಿ. ಮಾತು ಕೊಡ್ತೀನಿ ಅತ್ತಿಗೆ."

ಉಳಿಸಿಕೊಳ್ಳಬೇಕಾಗಿ ಬರುವುದಿಲ್ಲ ಎಂಬ ಧೈರ್ಯದ ಮಾತು ಅದು. ಮಗಳು ಹಲ್ಲು ಕಚ್ಚಿ, "ಆ ಮನುಷ್ಯ ಸಿಕ್ಕಿದ್ರೆ ನಾನೇ ಕುತ್ತಿಗೆ ಹಿಡಿದು ಕರ್ಕೊಂಡು ಬರ್ತಿದ್ದೆ ಅಂಕಲ್," ಎಂದಳು. ಅಮ್ಮನ ಕೈಯನ್ನು ಅವಳಿನ್ನೂ ಬಿಟ್ಟಿರಲಿಲ್ಲ.

*

ಮೌನಿ ಜಗಳಗಂಟನಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹಾಡು ನನ್ನದು ಎಂದು ಅಲ್ಲಿ ಇಲ್ಲಿ ಹೇಳಿಕೊಂಡ. ಜನ ರೆಕಾರ್ಡು ತಂದು ತೋರಿಸಿ ನಕ್ಕರು. ಅಲ್ಲಿಂದಾಚೆಗೆ ಗಿಟಾರ್ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಕೊನೆಗೆ ಲಿಫ್ಟಿನೊಳಗೂ ಅದೇ ರಾಗ ಹಾಕಿದರು. ಕೇಬಲ್ಲಿನ ಪಕ್ಕ ಕತ್ತಲಲ್ಲಿ ಜೋತುಬಿದ್ದುಕೊಂಡು ಬೋಲ್ಟು ಬಿಗಿಯುವಾಗ ಅದು ತಲೆಯ ಮೇಲೇ ನುಡಿಯುತ್ತಿತ್ತಂತೆ.

ಅಂಥ ದಿನ ಊಟಕ್ಕೆ ಕೂತಾಗ ಮಾತ್ರ ಒಂದು ಮಾತು ಬರುತ್ತಿತ್ತು. "ಆ ಲೇಬಲ್ ಹಾಕಿದ ಕೈ ಸೇದಿಹೋಗ."

ಅವಳು ಅದೇ ಕೈಯಿಂದ ಬಡಿಸುತ್ತಿದ್ದಳು. ಇವತ್ತು ಹೇಳೋಣ ಎಂದುಕೊಳ್ಳುವಳು. ಮಗಳ ಪರೀಕ್ಷೆ ಮುಗಿಯಲಿ, ಮಗಳ ಮದುವೆ ಆಗಲಿ, ಅವನ ಬಿಪಿ ಇಳಿಯಲಿ. ವರ್ಷಗಳು ಹೀಗೇ ಹೋದವು. ಹೋದ ಗುರುವಾರ ಗಟ್ಟಿ ಮನಸ್ಸು ಮಾಡಿ ಅವನ ಹಾಸಿಗೆಯ ಪಕ್ಕ ಕೂತಳು. "ರೀ, ನಿಮಗೊಂದು ವಿಷಯ ಹೇಳ್ಬೇಕು."

"ನಾಳೆ ಹೇಳು," ಎಂದ ಅವನು. "ನಿದ್ದೆ ಬರ್ತಿದೆ."

*

ಗಾಯಕ ಮೈಕು ಹಿಡಿದು, ಸ್ನೇಹದ ಬಗ್ಗೆ ಮಾತಾಡಿ, "ನನ್ನ 'ಬೆಂಕಿಪೊಟ್ಟಣ'ಕ್ಕೆ ಜೀವ ತುಂಬಿದ ಬೆರಳುಗಳು," ಎಂದ. ಅವಳು ಎದ್ದಳು. ಮಗಳ ಕೈಯನ್ನು ತಾನೇ ಬಿಡಿಸಿಕೊಂಡು ಹೋಗಿ ಮೈಕಿಗೆ ಬಾಯಿಟ್ಟಳು.

"ಈ ಹಾಡು ನನ್ನ ಗಂಡ ಬರೆದದ್ದು. ಇದರ ಹೆಸರು 'ಬರ್ತೀನಿ'. ಲೇಬಲ್ ಅದಲುಬದಲು ಮಾಡಿದ್ದು ನಾನು. ಬೇಕಂತಲೇ ಮಾಡಿದೆ. ಅವರ ಹಾಡು ರೇಡಿಯೊದಲ್ಲಿ ಬರಲಿ ಅಂತ ಮಾಡಿದೆ."

ಅವಳು ಗಾಯಕನ ಕಡೆ ತಿರುಗಿದಳು. "ನಾನು ಹೇಳಿದೆ. ಈಗ ನೀವು ಹೇಳಿ."

ಗಾಯಕ ಸಭೆಯನ್ನೊಮ್ಮೆ ನೋಡಿದ. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು, ಬಲು ಮೃದುವಾಗಿ, "ಅತ್ತಿಗೆ ಮೂರು ದಿನದಿಂದ ನಿದ್ದೆ ಮಾಡಿಲ್ಲ," ಎಂದ. "ಪಾಪ. ಯಾರಾದ್ರೂ ಸ್ವಲ್ಪ ನೀರು ಕೊಡಿ."

ಆಸ್ಪತ್ರೆಯ ನರ್ಸೊಬ್ಬಳು ಓಡಿಬಂದು, "ಬನ್ನಿ ಅಮ್ಮ, ಕೂತ್ಕೊಳ್ಳಿ," ಎಂದು ಅವಳನ್ನು ಕುರ್ಚಿಗೆ ಕರೆತಂದಳು. ಎಲ್ಲರ ಮುಖದಲ್ಲೂ ಕರುಣೆ ಇತ್ತು. ಅಷ್ಟು ಮಂದಿಯಲ್ಲಿ ಒಬ್ಬರೂ ನಂಬಲಿಲ್ಲ.

ಮಗಳು ಮಾತ್ರ ನಂಬಿದಳು. ಅಮ್ಮನ ಮುಖವನ್ನು ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದಳು.

"ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

"ಕೊನೇವರೆಗೂ?"

"ಹೇಳೋಕೆ ಹೋದೆ ಕಣೇ. ಗುರುವಾರ. ನಾಳೆ ಹೇಳು ಅಂದ್ರು."

ಅವಳು ಕೈ ಚಾಚಿದಳು. ಮಗಳು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಟೈಮಾಯ್ತು," ಎಂದ ಚಿತಾಗಾರದ ನೌಕರ. ಗಾಯಕ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದ. ಮೊದಲ ಸಾಲಿಗೇ ಹಿಂದಿನ ಕುರ್ಚಿಗಳಿಂದ ದನಿಗಳು ಕೂಡಿಕೊಂಡವು. ನರ್ಸುಗಳು, ವಾರ್ಡಿನವರು, ಅಂಗಳದಲ್ಲಿ ಕಾಯುತ್ತಿದ್ದ ಮುಂದಿನ ಸರದಿಯವರೂ ಬಾಗಿಲಿಗೆ ಬಂದು ಬರ್ತೀನಿ, ಬರ್ತೀನಿ ಎಂದು ಹಾಡತೊಡಗಿದರು. ಆ ಹಾಡು ಬಾರದವರು ಯಾರೂ ಇರಲಿಲ್ಲ. ನೌಕರ ಪೆಟ್ಟಿಗೆಯ ಗಾಡಿಯನ್ನು ಒಲೆಯತ್ತ ತಳ್ಳಿದ.

ಅವಳು ಏಳಲು ನೋಡಿದಳು, ನರ್ಸು ಹೆಗಲು ಹಿಡಿದು ಕೂರಿಸಿದಳು. ಮಗಳು ಎದ್ದು ಹೋಗಿ ಗಾಡಿಯ ಪಕ್ಕ ಹೆಜ್ಜೆ ಹಾಕುತ್ತ, ಪೆಟ್ಟಿಗೆಯ ಮೇಲೆ ಬಾಗಿ, ಅಪ್ಪನ ಕಿವಿ ಇರಬಹುದಾದ ಕಡೆ ಮುಚ್ಚಳಕ್ಕೆ ಬಾಯಿ ತಾಗಿಸಿ ಏನೋ ಹೇಳುತ್ತಿದ್ದಳು. ತುಟಿ ಆಡುವುದು ಕಾಣುತ್ತಿತ್ತು. ಇತ್ತ ಅವಳು ಕುರ್ಚಿಯ ಅಂಚಿಗೆ ಬಂದು ಕಿವಿಗೊಟ್ಟಳು. ಎಲ್ಲರೂ ಗಂಟಲು ಬಿಚ್ಚಿ ಹಾಡುತ್ತಿದ್ದರು, ಒಂದಕ್ಷರವೂ ಕೇಳಿಸಲಿಲ್ಲ.