ಎಡ ಅಂಚಿನ ಸಾಕ್ಷಿ

ಶಾಲೆಯಲ್ಲಿ ನನ್ನ ಹೆಸರು ಒಗ್ಗರಣೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಅದನ್ನು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ನಾನೇ ಹಿಂದೆ ತಿರುಗಿ ನೋಡುತ್ತೇನೆ. ಎಂಥ ಸಣ್ಣ ಸುದ್ದಿಯನ್ನಾದರೂ ಬೆಳಿಗ್ಗೆ ನನ್ನ ಕಿವಿಗೆ ಹಾಕಿ ನೋಡಿ, ಸಂಜೆಯ ಹೊತ್ತಿಗೆ ಅದು ಚಟಪಟ ಅನ್ನುತ್ತಾ ಇಡೀ ಶಾಲೆ ಸುತ್ತಿ ಬಂದಿರುತ್ತದೆ. ನಾನು ಸುಳ್ಳಿ ಅಂತ ಅಲ್ಲ. ಸಪ್ಪೆ ಮಾತು ನನಗೆ ಸೇರುವುದಿಲ್ಲ, ಅಷ್ಟೆ.

ಇಂಥ ನನಗೆ ಇತಿಹಾಸ ಕಲಿಸಲು ಬಂದವರು ಸಾಕ್ಷಿ ಮೇಡಂ. ಈ ಹೆಸರು ಇಟ್ಟಿದ್ದೂ ನಾವೇ. ಅವರ ಕ್ಲಾಸಿನಲ್ಲಿ ಪ್ರಬಂಧ ಬರೆಯಬೇಕಾದರೆ ಹಾಳೆಯ ಎಡಗಡೆ ನಾಲ್ಕು ಬೆರಳಷ್ಟು ಅಂಚು ಬಿಡಬೇಕು. ಬಲಗಡೆ ಏನು ಬರೆದರೂ ಅದು ನಮಗೆ ಹೇಗೆ ಗೊತ್ತಾಯಿತು, ಯಾರು ಹೇಳಿದರು, ಯಾವ ಕಡತದಲ್ಲಿದೆ ಅನ್ನುವುದನ್ನು ಅದೇ ಸಾಲಿನ ಎದುರಿಗೆ ಎಡ ಅಂಚಿನಲ್ಲಿ ಬರೆಯಬೇಕು. ಅಂಚು ಖಾಲಿ ಬಿಟ್ಟರೆ ಕೆಂಪು ಗೆರೆ. ಒಮ್ಮೆ ನಾನು "ರಾಜನು ಬಹಳ ಬೇಸರಗೊಂಡನು" ಅಂತ ಬರೆದು ಕೊಟ್ಟಿದ್ದೆ. ಮೇಡಂ ಕನ್ನಡಕದ ಮೇಲಿಂದ ನೋಡಿ, "ಬೇಸರ ಆಯ್ತು ಅಂತ ನಿನಗೆ ಬಂದು ಹೇಳಿದ್ನೇನಮ್ಮಾ?" ಅಂದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಒಂದು ವಾರ ಇಳಿಯಲಿಲ್ಲ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯಿದೆ. ಪ್ರತಿ ವರ್ಷ ಶಾಲೆಯದೇ ಇತಿಹಾಸದ ಮೇಲೆ ಹತ್ತನೇ ತರಗತಿಯವರು ಪ್ರಬಂಧ ಬರೆಯುತ್ತಾರೆ. ಗೆದ್ದ ಪ್ರಬಂಧವನ್ನು ಬೈಂಡ್ ಮಾಡಿಸಿ ಲೈಬ್ರರಿಯಲ್ಲಿ ಇಡುತ್ತಾರೆ. ವಾರ್ಷಿಕೋತ್ಸವದ ದಿನ ಬರೆದವರೇ ವೇದಿಕೆಯ ಮೇಲೆ ನಿಂತು ಓದಬೇಕು. ಈ ವರ್ಷದ ವಿಷಯ, ಐವತ್ತು ವರ್ಷದ ಹಿಂದೆ ಹೊಳೆ ಉಕ್ಕಿ ಶಾಲೆಗೆ ನುಗ್ಗಿದ್ದು. ಲೈಬ್ರರಿ ಆಗ ನೆಲಕ್ಕಿಂತ ಕೆಳಗಿನ ಕೋಣೆಯಲ್ಲಿತ್ತು. ಅಲ್ಲಿದ್ದ ಪುಸ್ತಕಗಳು ಇವತ್ತಿಗೂ ಇವೆ, ಅಂಚಿಗೆ ಚಹಾ ಬಣ್ಣದ ಕಲೆ ಹತ್ತಿ ಉಬ್ಬಿಕೊಂಡಿವೆ. ನಾನು ಓದುವ ಹುಚ್ಚು ಹಿಡಿಸಿಕೊಂಡಿದ್ದೇ ಆ ಉಬ್ಬಿದ ಕಥೆ ಪುಸ್ತಕಗಳಿಂದ. ಶಾಲೆಯ ಕಡತದಲ್ಲಿ ಅದರ ಬಗ್ಗೆ ಇರುವುದು ಒಂದೇ ಮಾತು: "ಪುಸ್ತಕಗಳನ್ನು ಉಳಿಸಲಾಯಿತು."

"ಉಳಿಸಲಾಯಿತಂತೆ!" ಅಂದರು ಮೇಡಂ. "ಯಾರು ಉಳಿಸಿದ್ದು? ದೆವ್ವ ಬಂದು ಉಳಿಸ್ತಾ? ಹೋಗಿ, ಹುಡುಕಿ."

ಎಲ್ಲರೂ ಊರು ಸುತ್ತುತ್ತಿದ್ದರೆ ನಾನು ನೇರ ಮನೆಗೆ ಬಂದೆ. ನಮ್ಮಜ್ಜಿ ಅದೇ ಶಾಲೆಯಲ್ಲಿ ಓದಿದವಳು, ಈಗ ಅದೇ ಶಾಲೆಗೆ ಯೂನಿಫಾರಂ ಹೊಲಿಯುವವಳು. ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದರೆ ನನಗೆ ತಲೆ ಬಾಚಿ, ಬೈದು, ಪಾಠ ಒಪ್ಪಿಸಿಕೊಂಡು ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಹೊಳೆ ಬಂದ ಕಥೆಯನ್ನು ಅವಳ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ನೀರು ಏರುತ್ತಿದೆ ಅಂತ ಮೇಷ್ಟ್ರುಗಳೆಲ್ಲ ಚಿಕ್ಕ ಮಕ್ಕಳನ್ನು ಮನೆ ಸೇರಿಸಲು ಹೋಗಿದ್ದರಂತೆ. ಕಥೆ ಪುಸ್ತಕ ಹಿಂತಿರುಗಿಸಲು ನಿಂತಿದ್ದ ಇಬ್ಬರು ಹುಡುಗಿಯರು ಮಾತ್ರ ಉಳಿದಿದ್ದರು, ಅಜ್ಜಿ ಮತ್ತು ಅವಳ ಗೆಳತಿ. ಆ ಗೆಳತಿ ಕೆಳಗಿನ ಕೋಣೆಗೆ ಇಳಿದು, ಹನ್ನೊಂದು ಸಲ ಹೋಗಿ ಬಂದು, ಪುಸ್ತಕಗಳನ್ನು ಮಹಡಿ ಮೆಟ್ಟಿಲ ಮೇಲೆ ತಂದಿಟ್ಟಳಂತೆ.

"ನೀನೇನ್ ಮಾಡ್ತಿದ್ದೆ ಅಜ್ಜಿ?" ಅಂತ ಕೇಳಿದರೆ ಅವಳು ಪ್ರತಿ ಸಲವೂ ಹೊಲಿಗೆ ಯಂತ್ರ ತುಳಿಯತೊಡಗುತ್ತಿದ್ದಳು. "ಅಲ್ಲೇ ಇದ್ದೆ" ಅನ್ನುತ್ತಿದ್ದಳು. ಆ ಸದ್ದಿನಲ್ಲಿ ಮುಂದಿನ ಪ್ರಶ್ನೆ ಮುಳುಗಿಹೋಗುತ್ತಿತ್ತು.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ಬೇಡ. ಬರೆಯಲು ಕೂತಾಗ ನನಗೆ ಅನ್ನಿಸಿತು: ಯಾರೋ ಗುರುತಿಲ್ಲದ ಗೆಳತಿಗೆ ಹೋಗುವ ಹೆಸರು ನಮ್ಮಜ್ಜಿಗೇ ಬಂದರೆ ಯಾರ ಗಂಟು ಹೋಗುತ್ತದೆ? ಬೆನ್ನು ಬಗ್ಗಿಸಿ ಹೊಲಿದು ಹೊಲಿದು ಕಣ್ಣು ಮಂಜಾಗಿರುವ ನಮ್ಮಜ್ಜಿಗೆ ಒಂದು ದಿನ ಜನ ಚಪ್ಪಾಳೆ ತಟ್ಟಲಿ. ಹಾಗಾಗಿ ಗೆಳತಿಯನ್ನು ಎತ್ತಿ ಹೊರಗಿಟ್ಟೆ. ಅಜ್ಜಿಯನ್ನು ನೀರಿಗೆ ಇಳಿಸಿದೆ. ಇಳಿಸಿದ ಮೇಲೆ ಕೈ ಸುಮ್ಮನಿರುತ್ತದೆಯೇ? ನೀರನ್ನು ಕುತ್ತಿಗೆವರೆಗೂ ಏರಿಸಿದೆ. ಎಡ ಅಂಚಿನಲ್ಲಿ ಒಂಚೂರೂ ಅಳುಕದೆ ಬರೆದೆ: "ಸಾಕ್ಷಿ: ನನ್ನ ಅಜ್ಜಿ."

ಬಹುಮಾನ ನನಗೇ ಬಂತು. ಮೇಡಂ ಪ್ರಬಂಧ ಕೊಡುವಾಗ, "ಈ ಸಲ ಒಂದೂ ಕೆಂಪು ಗೆರೆ ಹಾಕೋಕೆ ಆಗ್ಲಿಲ್ಲ ಕಣಮ್ಮಾ. ನಿಮ್ಮಜ್ಜೀನ ಕರ್ಕೊಂಡ್ ಬಾ, ವೇದಿಕೆ ಮೇಲೆ ಸನ್ಮಾನ ಮಾಡೋಣ" ಅಂದರು. ಅವರ ಕಣ್ಣಲ್ಲಿದ್ದ ಖುಷಿ ನೋಡಿ ನಿಜ ಮಾತು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡೆ. ಮನೆಯಲ್ಲಿ ಅಜ್ಜಿಗೆ ಬಹುಮಾನದ ವಿಷಯ ಮಾತ್ರ ಹೇಳಿದೆ. ಅವಳು ಅದೇ ಸಂಜೆ ಅಂಗಡಿಗೆ ಹೋಗಿ ಹೊಸ ಚಪ್ಪಲಿ ತಂದಳು.

ಸಮಾರಂಭಕ್ಕೆ ಎರಡು ದಿನ ಇದ್ದಾಗ ಹಾಳೆಗಳನ್ನು ತೆಗೆದುಕೊಂಡು ಬೈಂಡರಮ್ಮನ ಅಂಗಡಿಗೆ ಹೋದೆ. ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ ಅದು. ಒಳಗೆ ರಟ್ಟು, ಬಣ್ಣದ ಬಟ್ಟೆಯ ಸುರುಳಿ, ಅಂಟಿನ ಡಬ್ಬ, ಬೆನ್ನು ಮುರಿದ ಪುಸ್ತಕಗಳ ಗುಡ್ಡೆ. ನಮ್ಮ ಲೈಬ್ರರಿಯ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕುವವರು ಅವರೇ. ಅಜ್ಜಿಯ ವಯಸ್ಸಿನವರು, ಮಾತು ಕಡಿಮೆ. ಯಾವ ಪುಸ್ತಕವನ್ನೂ ಓದದೆ ಹೊಲಿಯುವುದಿಲ್ಲ ಅಂತ ಪ್ರಸಿದ್ಧಿ.

ನನ್ನ ಹನ್ನೆರಡು ಹಾಳೆಗಳನ್ನೂ ಅವರು ಅಲ್ಲೇ ನಿಧಾನವಾಗಿ ಓದಿದರು. ಹೊಗಳುತ್ತಾರೆ ಅಂತ ನಾನು ಕಾಯುತ್ತಾ ನಿಂತಿದ್ದೆ.

"ಚೆನ್ನಾಗಿ ಬರೀತೀಯ ಮಗಾ" ಅಂದರು ಕೊನೆಗೆ. "ಆದ್ರೆ ನೀರು ಸೊಂಟದವರೆಗೆ ಇತ್ತು, ಅಷ್ಟೇ. ಕುತ್ತಿಗೆ ತನಕ ಇದ್ದಿದ್ರೆ ಪುಸ್ತಕ ಹಿಡ್ಕೊಂಡು ನಡೆಯೋಕಾಗ್ತಿತ್ತಾ, ನೀನೇ ಹೇಳು?"

"ನಿಮಗೆ... ನಿಮಗೆ ಹೇಗ್ ಗೊತ್ತು?"

ಅವರು ಹಾಳೆಗಳನ್ನು ಜೋಡಿಸಿ, ದಪ್ಪನೆಯ ದಬ್ಬಳವನ್ನು ತೆಗೆದು ಎಡ ಅಂಚಿನ ಮೇಲಿಟ್ಟು ನನ್ನ ಮುಖ ನೋಡಿದರು. "ಬಿಡಿ ಹಾಳೆ ಅಲ್ವಾ, ಹೊಲಿಗೆ ಇಲ್ಲೇ ಬೀಳುತ್ತೆ. ನಿಮ್ಮ ಮೇಡಂ ಹೇಳಿರೋ ಸಾಕ್ಷಿ ಎಲ್ಲಾ ಹೊಲಿಗೆ ಒಳಗೆ ಹೋಗಿಬಿಡುತ್ತೆ. ಆಮೇಲೆ ಯಾರು ಹೇಳಿದ್ದು, ಯಾಕೆ ಹೇಳಿದ್ದು, ಯಾರಿಗೂ ಕಾಣಲ್ಲ." ದಬ್ಬಳವನ್ನು ಮತ್ತೆ ಕೆಳಗಿಟ್ಟರು. "ಇವತ್ತು ಕೈ ತುಂಬಾ ಕೆಲ್ಸ ಇದೆ. ನಾಳೆ ಸಂಜೆ ಹೊಲೀತೀನಿ. ಹಾಳೆ ನಿನ್ನ ಹತ್ರಾನೇ ಇರ್ಲಿ. ಹೊಲಿದ ಮೇಲೆ ತಿದ್ದೋಕಾಗಲ್ಲ, ನೋಡು."

ಅವರ ಮೇಜಿನ ಮೇಲೆ ಅಂಟಿನ ಡಬ್ಬ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅಜ್ಜಿ ಹೊಸ ಚಪ್ಪಲಿ ಹಾಕಿಕೊಂಡು ಕೋಣೆಯೊಳಗೇ ಓಡಾಡಿ ಅಭ್ಯಾಸ ಮಾಡುತ್ತಿದ್ದಳು. ಅದನ್ನು ನೋಡಿದ ಕೂಡಲೇ ನನಗೆ ಅಳು ಉಕ್ಕಿ ಬಂತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಈ ಸಲ ಒಗ್ಗರಣೆ ಇಲ್ಲ.

ಅಜ್ಜಿ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಚಪ್ಪಲಿ ಕಳಚಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಯಂತ್ರ ಮಾತ್ರ ತುಳಿಯಲಿಲ್ಲ.

"ಆ ಬೈಂಡರಮ್ಮನೇ ಕಣೇ ಅವಳು" ಅಂದಳು. "ಇಬ್ರೂ ಇಳಿಯೋಣ ಅಂತ ಕೈ ಕೈ ಹಿಡ್ಕೊಂಡಿದ್ವಿ. ಮೂರನೇ ಮೆಟ್ಲಲ್ಲಿ ನೀರು ಕಾಲಿಗೆ ತಾಗ್ತು ನೋಡು, ನಾನು ಕೈ ಬಿಟ್ಬಿಟ್ಟೆ. ಓಡಿ ಮೇಲೆ ಬಂದು ಗೊಳೋ ಅಂತ ಅಳ್ತಾ ನಿಂತೆ. ಅವಳೊಬ್ಳೇ ಹೋದ್ಳು. ಆಮೇಲೆ ಏಳನೇ ಕ್ಲಾಸಿಗೇ ಅವಳನ್ನ ಶಾಲೆ ಬಿಡಿಸಿದ್ರು. ನಾನು ಓದಿದೆ. ಐವತ್ತು ವರ್ಷ ಆಯ್ತು, ರಸ್ತೇಲಿ ಸಿಕ್ರೆ ಊಟ ಆಯ್ತಾ ಅಂತೀನಿ, ಮುಂದಕ್ ಹೋಗ್ತೀನಿ. ಮುಖ ಕೊಟ್ಟು ಮಾತಾಡೋಕೆ ನಾಚಿಕೆ."

"ತಪ್ಪಾಯ್ತು ಅಜ್ಜಿ. ನಿನ್ನ ವಿಷಯ ಬರೆಯೋದೇ ಇಲ್ಲ. ಅವರ ಬಗ್ಗೆ ಮಾತ್ರ ಬರೀತೀನಿ."

"ಅದ್ಯಾಕೆ?" ಅಜ್ಜಿಯ ದನಿ ಏರಿತು. "ಬರಿ! ಮೆಟ್ಲ ಮೇಲೆ ನಿಂತು ಅಳ್ತಿದ್ದೋಳು ನಮ್ಮಜ್ಜಿ ಅಂತ ಬರಿ. ಸಾಕ್ಷಿ ಯಾರು ಅಂದ್ರೆ ನಾನೇ ಅಂತ ಹಾಕು. ಈ ಮಾತು ಹೇಳೋಕೆ ನಂಗೆ ಇಷ್ಟ್ ವರ್ಷ ಧೈರ್ಯ ಬರ್ಲಿಲ್ಲ. ನೀನಾದ್ರೂ ಬರಿ ತಾಯಿ."

ನಾನು ಹೊಸ ಹಾಳೆ ತೆಗೆದು ಬರೆದೆ. ಅಷ್ಟು ಸಪ್ಪೆ ವಾಕ್ಯಗಳನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಬರೆದು ಮುಗಿಸಿದಾಗ ಕೈ ನೋಯುತ್ತಿತ್ತು, ಎದೆ ಹಗುರವಾಗಿತ್ತು.

ಮರುದಿನ ಬೆಳಿಗ್ಗೆ ಎರಡೂ ಪ್ರಬಂಧ ಹಿಡಿದು ಟೀಚರ್ಸ್ ರೂಮಿಗೆ ಹೋದೆ. ಸಾಕ್ಷಿ ಮೇಡಂ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಓದಿದರು.

"ಬಹುಮಾನ ಕೈ ತಪ್ಪುತ್ತೆ, ಗೊತ್ತಲ್ವಾ? ಎರಡನೇ ಸ್ಥಾನದವರಿಗೆ ಕೊಡ್ಬೇಕಾಗುತ್ತೆ."

"ಗೊತ್ತು ಮೇಡಂ."

"ನಂದೂ ತಪ್ಪಿದೆ. ಹಳೇದ್ರಲ್ಲಿ ಸಾಹಸ ಮಾಡಿದೋರೂ ನಿಮ್ಮಜ್ಜಿನೇ, ಸಾಕ್ಷಿನೂ ಅವರೇ. ನಾನು ಇನ್ನೊಬ್ರನ್ನ ಕೇಳ್ಬೇಕಿತ್ತು. ಕಥೆ ಇಷ್ಟ ಆಗ್ಬಿಡ್ತು, ಕೇಳ್ಲಿಲ್ಲ." ಕೆಂಪು ಪೆನ್ನು ತೆಗೆದು ನನ್ನ ಹಳೆಯ ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. ಗೆರೆಯ ಪಕ್ಕದಲ್ಲಿ ತಮ್ಮದೇ ಸಹಿ ಹಾಕಿದರು. "ವೇದಿಕೆ ಮೇಲೆ ಓದೋದು ಮಾತ್ರ ನೀನೇ. ಹೊಸದನ್ನೇ ಬೈಂಡ್ ಮಾಡಿಸಿ ಓದು. ಹಳೇದ್ರಲ್ಲಿ ಏನ್ ಬರೆದಿದ್ದೆ ಅನ್ನೋದನ್ನೂ ಹೇಳಿ ಓದು. ಆಗುತ್ತಾ?"

ಆಗುವುದಿಲ್ಲ ಅಂತಲೇ ಅನ್ನಿಸಿತು. ಆದರೆ ಐವತ್ತು ವರ್ಷ ನುಂಗಿಕೊಂಡಿದ್ದನ್ನು ಅಜ್ಜಿ ನಿನ್ನೆ ಹೇಳಿದ್ದಳು. "ಆಗುತ್ತೆ ಮೇಡಂ" ಅಂದೆ. ಆ ಸಂಜೆಯೇ ಹೊಸ ಹಾಳೆಗಳನ್ನು ಬೈಂಡರಮ್ಮನ ಕೈಗೆ ಕೊಟ್ಟು ಬಂದೆ.

ಸಮಾರಂಭದ ದಿನ ಬಹುಮಾನ ನಮ್ಮ ಕ್ಲಾಸಿನ ಗಳುವಿಗೆ ಹೋಯಿತು. ಬಿದಿರ ಗಳುವಿನಂಥ ಅವನ ಎತ್ತರಕ್ಕೆ ನಾವಿಟ್ಟ ಹೆಸರು ಅದು. ಪಾಪ, ನನಗಿಂತ ಅವನ ಮುಖವೇ ಸಪ್ಪಗಿತ್ತು. ಅಜ್ಜಿ ಮುಂದಿನ ಸಾಲಿನಲ್ಲಿ ಹೊಸ ಚಪ್ಪಲಿಯಲ್ಲೇ ಕೂತಿದ್ದಳು. ಸನ್ಮಾನ ಇಲ್ಲದಿದ್ದರೂ ಬರುತ್ತೇನೆ ಅಂತ ಹಟ ಹಿಡಿದು ಬಂದಿದ್ದಳು. ಬೈಂಡರಮ್ಮ ಪುಸ್ತಕವನ್ನು ಮೇಡಂ ಕೈಗೆ ಕೊಟ್ಟು ಹೋಗಿ ಕೊನೆಯ ಸಾಲಿನಲ್ಲಿ ಗೋಡೆ ಪಕ್ಕ ಕೂತರು. ಮೇಡಂ ಅದನ್ನು ನೇರ ನನ್ನ ಕೈಗಿಟ್ಟು ಮೈಕಿನ ಕಡೆ ತಳ್ಳಿದರು.

"ಈ ಪ್ರಬಂಧದಲ್ಲಿ ನಾನು ಮೊದಲು ಸುಳ್ಳು ಬರೆದಿದ್ದೆ" ಅಂತ ಶುರು ಮಾಡಿದೆ. ಪಿಸುಮಾತು ಎದ್ದಿತು. ಹಿಂದಿನಿಂದ ಯಾರೋ "ಒಗ್ಗರಣೆ!" ಅಂದರು, ಒಂದಷ್ಟು ಜನ ನಕ್ಕರು. ನೆಲ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆ. ಆದರೆ ಅಜ್ಜಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಪುಸ್ತಕ ಬಿಚ್ಚಿದೆ.

ಆಗ ನೋಡಿದೆ. ಬೈಂಡರಮ್ಮ ಒಂದೊಂದು ಹಾಳೆಯ ಎಡಕ್ಕೂ ಬೇರೆ ಕಾಗದದ ಪಟ್ಟಿ ಅಂಟಿಸಿ, ಹೊಲಿಗೆಯನ್ನು ಆ ಪಟ್ಟಿಯ ಮೇಲೆ ಹಾಕಿದ್ದರು. ಎಲ್ಲ ಹಾಳೆಗೂ ಹಾಗೇ ಮಾಡಿದ್ದರು. ಒಂದೇ ಒಂದು ಸಾಕ್ಷಿಯೂ ಹೊಲಿಗೆಯೊಳಗೆ ಹೋಗಿರಲಿಲ್ಲ.

ಓದುತ್ತಾ ಹೋದೆ. ಸೊಂಟದವರೆಗಿನ ನೀರು, ಹನ್ನೊಂದು ಸಲ, ಬೈಂಡರಮ್ಮ. ಸಭೆ ಹಿಂದಕ್ಕೆ ತಿರುಗಿ ತಿರುಗಿ ನೋಡಿತು. ಆಮೇಲೆ ಆ ಸಾಲು ಬಂತು: "ಇಳಿಯಲು ಹೆದರಿ, ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದ ಇನ್ನೊಬ್ಬ ಹುಡುಗಿ ನನ್ನ ಅಜ್ಜಿ." ಅದರ ಎದುರು ಅಂಚಿನಲ್ಲಿ ನನ್ನ ಅಕ್ಷರ: "ಸಾಕ್ಷಿ: ಅಜ್ಜಿಯೇ." ಅದರ ಕೆಳಗೆ ಇನ್ನೊಂದು ಕೈಬರಹವಿತ್ತು, ಗುಂಡುಗುಂಡಾಗಿ, ನಿಧಾನವಾಗಿ ಬರೆದದ್ದು. ಯೋಚಿಸಲೇ ಇಲ್ಲ, ಅದನ್ನೂ ಗಟ್ಟಿಯಾಗಿ ಓದಿಬಿಟ್ಟೆ.

"ಅತ್ತದ್ದು ನಿಜ. ಆದರೆ ಬಿಟ್ಟು ಹೋಗಲಿಲ್ಲ. ಒಳಗೆ ಕಗ್ಗತ್ತಲೆ, ಬಾಗಿಲು ಯಾವ ಕಡೆ ಅಂತ ತಿಳಿಯುತ್ತಿರಲಿಲ್ಲ. ಅವಳು ಅಳುತ್ತಾ ನನ್ನ ಹೆಸರು ಕೂಗುತ್ತಲೇ ಇದ್ದಳು. ಹನ್ನೊಂದು ಸಲವೂ ನಾನು ಆ ದನಿ ಕೇಳಿದ ಕಡೆಗೇ ನಡೆದು ಹೊರಗೆ ಬಂದೆ. ಸಾಕ್ಷಿ: ನಾನು."

ಪಕ್ಕದಲ್ಲಿ ನಿಂತಿದ್ದ ಸಾಕ್ಷಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮೇಲೆ ಒಂದು ವಾರ ಸಿಟ್ಟು ಇಟ್ಟುಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ನಾಲ್ಕು ಬೆರಳು ಜಾಗ ಬಿಡಲು ಅವರು ಕಲಿಸದಿದ್ದರೆ ಈ ಮಾತು ಬರೆಯಲು ಜಾಗವೇ ಇರುತ್ತಿರಲಿಲ್ಲ. ಬದುಕಿರುವ ತನಕ ಆ ಋಣ ಮರೆಯುವುದಿಲ್ಲ.

ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಅಜ್ಜಿ ಎದ್ದು ನಡೆದಳು. ಹೊಸ ಚಪ್ಪಲಿ ಕಚ್ಚುತ್ತಿತ್ತೇನೋ, ಕುಂಟುತ್ತಾ ಕೊನೆಯ ಸಾಲಿನವರೆಗೂ ಹೋದಳು. ಬೈಂಡರಮ್ಮ ಕುರ್ಚಿಯ ಮೇಲಿಟ್ಟಿದ್ದ ಚೀಲ ತೆಗೆದು ಜಾಗ ಮಾಡಿಕೊಟ್ಟರು. ನಾನು ವೇದಿಕೆಯಿಂದ ಇಳಿದು ಓಡಿ ಅವರ ಹಿಂದೆ ಬಂದು ನಿಂತಾಗ ಇಬ್ಬರೂ ಮುಂದೆಯೇ ನೋಡುತ್ತಾ, ಕೈ ಕೈ ಹಿಡಿದು ಕೂತಿದ್ದರು.

"ಏನೇ," ಅನ್ನುತ್ತಿದ್ದಳು ಅಜ್ಜಿ, "ಆವತ್ತು ಅಷ್ಟು ಜೋರಾಗಿ ಅಳ್ತಿದ್ನಾ ನಾನು?"

"ಊರಿಗೇ ಕೇಳೋ ಹಾಗೆ ಅಳ್ತಿದ್ದೆ ಕಣೇ" ಅಂದರು ಬೈಂಡರಮ್ಮ. "ನನ್ನ ಪುಣ್ಯ."