ಫೇಲಾಗಲು ಒಪ್ಪದ ಕಿವಿಗಳು

ಗಂಟಲಿನ ಡಾಕ್ಟರು ನನ್ನ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, "ಏನು ಕೆಲಸ ಮಾಡ್ತಿದ್ರಿ ಅಮ್ಮ? ಟೀಚರಾ? ಸಂತೇಲಿ ತರಕಾರಿ ಮಾರ್ತಿದ್ರಾ?" ಎಂದು ಕೇಳಿದರು.

"ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದೆ. ಅಲ್ಲಿ ಮೆತ್ತಗೆ ಮಾತಾಡೋದೇ ಕೆಲಸ. ಗಂಟಲು ಹೋಗಿದ್ದು ಫಿರಂಗಿ ಹಾರಿಸೋರನ್ನ ಕಟ್ಟಿಕೊಂಡಿದ್ದಕ್ಕೆ," ಎಂದೆ.

ಡಾಕ್ಟರಿಗೆ ಅಷ್ಟೇ ಸಾಕಾಯಿತು. ಗಂಟಲೊಳಗೆ ಎರಡು ಗಂಟು ಎದ್ದಿವೆ, ಇನ್ನು ಮೇಲೆ ಕಿರುಚುವಂತಿಲ್ಲ ಎಂದರು. ಮೆಲ್ಲಗೆ ಮಾತಾಡಿಕೊಂಡಿದ್ದರೆ ತಾವಾಗಿಯೇ ಕರಗುತ್ತವಂತೆ. ಹೀಗೇ ಕೂಗುತ್ತಿದ್ದರೆ ದನಿ ಹೋಗುತ್ತದಂತೆ, ಹೋದದ್ದು ಮತ್ತೆ ಬರುವುದಿಲ್ಲವಂತೆ. ಇದನ್ನೆಲ್ಲ ಅವರು ನನ್ನ ಯಜಮಾನರ ಎದುರಿಗೇ ಹೇಳಿದರು. ಯಜಮಾನರು ಮೀಸೆ ತಿರುವಿಕೊಳ್ಳುತ್ತಾ, "ಕೇಳಿಸ್ತು, ಕೇಳಿಸ್ತು," ಎಂದು ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಏನಂತೆ, ನೆಗಡಿಯಾ?" ಎಂದರು.

ನಮ್ಮವರು ಇಪ್ಪತ್ತಾರು ವರ್ಷ ಸೈನ್ಯದಲ್ಲಿ ಫಿರಂಗಿಯ ಪಕ್ಕ ನಿಂತವರು. ಬೀದಿಯವರೆಲ್ಲ ಅವರನ್ನು ಫಿರಂಗಿಯವರು ಎಂದೇ ಕರೆಯುತ್ತಾರೆ. ಕಿವಿ ಎರಡನ್ನೂ ಅಲ್ಲೇ ಬಿಟ್ಟು, ಮೀಸೆ ಮತ್ತು ಬೂಟುಗಳನ್ನು ಮಾತ್ರ ಮನೆಗೆ ತಂದರು. ಅಂದಿನಿಂದ ನಾನು ಕಿರುಚುತ್ತಾ ಬಂದಿದ್ದೇನೆ. ನಮ್ಮ ಸಂಸಾರದ ಯಾವ ಗುಟ್ಟೂ ನಮ್ಮ ಗೋಡೆಯೊಳಗೆ ಉಳಿದಿಲ್ಲ. ಒಂದು ಬೆಳಿಗ್ಗೆ ನಾನು, "ಹೊಟ್ಟೆ ಮಾತ್ರೆ ತಗೊಂಡ್ರಾ?" ಎಂದು ಮೂರು ಸಲ ಕೂಗಿದಾಗ ಉತ್ತರ ಬಂದದ್ದು ಪಕ್ಕದ ಮನೆಯ ಟೈಲರ್‌ನಿಂದ. "ಆಗ್ಲೇ ತಗೊಂಡ್ರು ಅಕ್ಕ, ನೀವು ಹಾಲು ತರೋಕೆ ಹೋದಾಗ," ಎಂದು ಅವನು ಹೊಲಿಗೆ ಮಿಷನ್ನು ನಿಲ್ಲಿಸದೆ ಹೇಳಿದ.

ಮಾಜಿ ಸೈನಿಕರಿಗೆ ಕಿವಿಯ ಯಂತ್ರ ಕೊಡುತ್ತಾರೆಂದು ತಿಳಿಸಿದವನೂ ಈ ಟೈಲರ್ರೇ. ಸೈನಿಕ ಕಲ್ಯಾಣ ಕಚೇರಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಕಿವಿ ಕೆಟ್ಟಿದೆ ಎಂದು ಬರೆದುಕೊಟ್ಟರೆ ಆಯಿತು, ಎರಡು ಕಿವಿಗೂ ಯಂತ್ರ, ಬದುಕಿರುವವರೆಗೂ ಅದಕ್ಕೆ ಬ್ಯಾಟರಿ. ನಾನು ಅರ್ಜಿ ತುಂಬಿದೆ, ದಾಖಲೆ ಜೋಡಿಸಿದೆ, ಇವರನ್ನು ಕರೆದುಕೊಂಡು ಹೋದೆ. ಇಂಥ ಕಿವಿ ಪರೀಕ್ಷೆಯಲ್ಲಿ ಫೇಲಾಗುವುದಕ್ಕೆ ಯಾರ ಶಿಫಾರಸೂ ಬೇಡ ಎಂದುಕೊಂಡಿದ್ದೆ.

ಇವರು ಪಾಸಾದರು.

ಪಾಸೆಂದರೆ ಅಂತಿಂಥ ಪಾಸಲ್ಲ. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಇವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಿದ್ದರು. ಕೂ ಎಂದು ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಕಿಟಕಿಯ ಈಚೆ ಕೂತ ಕಿವಿ ಡಾಕ್ಟರಮ್ಮ ಸದ್ದನ್ನು ಸಣ್ಣದು ಮಾಡುತ್ತಾ ಹೋದರೂ ಇವರು ಒಂದನ್ನೂ ಬಿಡದೆ ಒತ್ತಿದರು. "ಹದಿನೆಂಟರ ಹುಡುಗರಿಗೂ ಇಂಥ ಕಿವಿ ಇರಲ್ಲ," ಎಂದು ಆಕೆ ಬೆರಗಾಗಿ ಬರೆದುಕೊಟ್ಟಳು. ಇವರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಪದಕಗಳ ಪಕ್ಕ ಮೊಳೆ ಹೊಡೆದರು. ಆ ಮೊಳೆಯ ಸದ್ದೂ ಇವರಿಗೆ ಕೇಳಿಸಿರಲಿಕ್ಕಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಕಿರುಚುವಂತಿಲ್ಲವಲ್ಲ, ಸ್ಲೇಟು ತಂದು ದೊಡ್ಡ ಅಕ್ಷರದಲ್ಲಿ ಬರೆದು ಮೂಗಿನೆದುರು ಹಿಡಿದೆ: ಹೇಗೆ ಪಾಸಾದ್ರಿ?

"ಅವಳು ಸದ್ದು ಬಿಡೋವಾಗ ಭುಜ ಅಲ್ಲಾಡುತ್ತೆ," ಎಂದರು. ಹೇಳುವಾಗ ಮುಖದಲ್ಲಿ ಅದೇನು ಸಂಭ್ರಮ. "ಶತ್ರು ಎಲ್ಲಿದ್ದಾನೆ ಅಂತ ಮೂರು ಮೈಲಿಯಿಂದ ಪತ್ತೆ ಹಚ್ಚಿದವನು ಕಣೇ ನಾನು. ಒಂದು ಭುಜ ಯಾವ ಲೆಕ್ಕ?"

ಯಂತ್ರ ಬೇಡವಾ, ಎಂದು ಬರೆದೆ.

"ಬೇಕು. ಆದ್ರೆ ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕು. ನಾನು ಇದುವರೆಗೆ ಒಂದರಲ್ಲೂ ಫೇಲಾಗಿಲ್ಲ."

ಹಣೆ ಹಣೆ ಚಚ್ಚಿಕೊಂಡೆ. ಇವರು ಬೂಟಿನ ಲೇಸು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿ, "ನಮ್ಮಲ್ಲಿ ಕಿವಿ ಹೋದವನನ್ನ ಮನೆಗೆ ಕಳಿಸಿಬಿಡ್ತಿದ್ರು," ಎಂದರು. ಆಗ ನನಗೆ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಹಾಗೇ ಇತ್ತು.

ನನ್ನ ದನಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗೋಳು ನಿಮಗೆ ತಿಳಿಯುವುದಿಲ್ಲ. ಇವರು ನನ್ನನ್ನು ನೋಡಿ ಒಪ್ಪಿದವರಲ್ಲ, ಕೇಳಿ ಒಪ್ಪಿದವರು. ನಾನು ಎಕ್ಸ್‌ಚೇಂಜಿನಲ್ಲಿ ಕೂತು "ನಂಬರ್ ಪ್ಲೀಸ್" ಎನ್ನುತ್ತಿದ್ದೆ. ದಂಡಿನಿಂದ ಒಬ್ಬರು ದಿನಾ ಸಂಜೆ ಫೋನು ಮಾಡಿ, "ನಾಲ್ಕು ಸೊನ್ನೆ ಏಳು, ಪಶುವೈದ್ಯರು," ಎನ್ನುತ್ತಿದ್ದರು. ಆ ದಂಡಿನಲ್ಲಿ ಇದ್ದದ್ದು ಬರೀ ಫಿರಂಗಿಗಳು, ಒಂದು ಕತ್ತೆಯೂ ಇರಲಿಲ್ಲ. ಪಶುವೈದ್ಯರ ಲೈನು ದಿನವಿಡೀ ಖಾಲಿ ಬಿದ್ದಿರುತ್ತಿತ್ತು. ಆದರೂ ನಾನು, "ಲೈನ್ ಬಿಜಿ ಇದೆ, ಹತ್ತು ನಿಮಿಷ ಬಿಟ್ಟು ಮಾಡಿ," ಎನ್ನುತ್ತಿದ್ದೆ. ಹತ್ತು ನಿಮಿಷಕ್ಕೆ ಸರಿಯಾಗಿ ಮತ್ತೆ ಗಂಟೆ ಬಾರಿಸುತ್ತಿತ್ತು. ಅಂಥ ದನಿಯನ್ನು "ಒಲೆ ಆರಿಸ್ರೀ" ಎಂದು ಕೂಗಿ ಕೂಗಿ ಹಾಳುಮಾಡಿಕೊಂಡೆ ಎಂದರೆ ನನಗೆ ಎಷ್ಟು ಸಂಕಟವಾಗಿರಬೇಡ.

ನಾನು ಕಚೇರಿಗೆ ಹೋಗಿ, ಪಿಸುದನಿಯಲ್ಲೇ ಜಗಳವಾಡಿ, ಇನ್ನೊಂದು ಪರೀಕ್ಷೆಗೆ ಒಪ್ಪಿಸಿದೆ. ಇದರಲ್ಲೂ ಪಾಸಾದರೆ ಐದು ವರ್ಷ ಫೈಲು ಮುಚ್ಚುತ್ತೇವೆ ಎಂದರು. ಐದು ವರ್ಷದ ಹೊತ್ತಿಗೆ ನನ್ನ ಗಂಟಲಿನಲ್ಲಿ ಬರೀ ಗಾಳಿ ಉಳಿದಿರುತ್ತಿತ್ತು.

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಇವರು ಒಂದು ಗಂಟೆ ಕೂತು ಬೂಟು ಪಾಲಿಶ್ ಮಾಡಿದರು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಭುಜದ ಸಂಗತಿಯನ್ನು ನಾನು ಮೊದಲೇ ಹೇಳಿದ್ದರಿಂದ ಡಾಕ್ಟರಮ್ಮ ಇವರ ಕುರ್ಚಿಯನ್ನು ತಿರುಗಿಸಿ, ಬೆನ್ನು ಕಿಟಕಿಗೆ ಬರುವಂತೆ ಕೂರಿಸಿದಳು. ನಾನು ಆಕೆಯ ಪಕ್ಕದಲ್ಲಿ ಕೂತೆ. ಈಗ ನೋಡೋಣ ಎಂದುಕೊಂಡೆ.

ಮೊದಲ ಸದ್ದಿಗೆ ದೀಪ ಹತ್ತಿಕೊಂಡಿತು. ಗುಂಡಿ ಒತ್ತಿದರೆ ಈಚೆಗೆ ಹತ್ತುವ ದೀಪ ಅದು. ಎರಡನೆಯದಕ್ಕೂ ಹತ್ತಿತು, ಮೂರನೆಯದಕ್ಕೂ ಹತ್ತಿತು. ಸದ್ದುಗಳ ನಡುವೆ ಆಕೆ ಬೇಕೆಂದೇ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಿಡುವು ಕೊಟ್ಟರೂ ಇವರು ಒಂದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಪಿಳಿಪಿಳಿ ಕಣ್ಣು ಬಿಟ್ಟಳು. "ಅಮ್ಮ, ಇದು ನಾಯಿಗೂ ಕೇಳಿಸದಷ್ಟು ಸಣ್ಣ ಸದ್ದು," ಎಂದಳು. ನಾನು ಇವರ ಬೆನ್ನನ್ನೇ ನೋಡಿದೆ. ಜೀವಮಾನದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರದ ಮನುಷ್ಯ ಅವತ್ತು ಕಾಲ ಮೇಲೆ ಕಾಲು ಹಾಕಿದ್ದರು. ಮೇಲಿನ ಕಾಲನ್ನು ಮಂಡಿಯ ಮೇಲೆ ಎತ್ತಿಟ್ಟು, ಬೂಟಿನ ಮೂತಿಯನ್ನೇ ನೋಡುತ್ತಿದ್ದರು. ಆ ಮೂತಿಯೊಳಗೆ ಕಿಟಕಿ ಇತ್ತು, ಕಿಟಕಿಯೊಳಗೆ ಡಾಕ್ಟರಮ್ಮನ ಕೈ ಇತ್ತು.

ನಾನು ಬೆರಳು ತೋರಿಸಿದೆ. ಆಕೆಗೆ ಅರ್ಥವಾದ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಬೂಟು ಬಿಚ್ಚಿಸ್ಲಾ?" ಎಂದಳು.

"ಬಿಚ್ಚಿಸಿದ್ರೆ ಹಲ್ಲಿನ ಸೆಟ್ಟು ತೆಗೆದು ಅದರಲ್ಲಿ ನೋಡ್ತಾರೆ. ಬೇಡ. ಅವರ ಹೆಡ್‌ಫೋನಿಗೆ ಮಾತಾಡೋ ಆ ಮೈಕು ನನಗೆ ಕೊಡಿ. ಸದ್ದು ಬಿಡಬೇಡಿ, ಸುಮ್ನೆ ಕೈ ಆಡಿಸಿ. ನಾನು ಹೇಳಿದ್ದನ್ನ ಕಾಗದದ ಮೇಲೆ ಬರ್ಕೊಳ್ಳಿ," ಎಂದೆ.

ಮೈಕು ಬಾಯಿಗೆ ಹಿಡಿದು ಮೆಲ್ಲಗೆ ಹೇಳಿದೆ. "ನಿಮ್ಮ ದುರ್ಬೀನನ್ನ ಕಳ್ಳ ಕದ್ದಿಲ್ಲ. ನಾನೇ ಅದರ ಮೇಲೆ ಕೂತು ಮುರಿದೆ."

ಡಾಕ್ಟರಮ್ಮ ಕೈ ಆಡಿಸಿದಳು. ದೀಪ ಹತ್ತಿತು.

"ನಿಮ್ಮ ತಂಗಿ ಬಂದಾಗಲೆಲ್ಲ ನನಗೆ ಬರೋ ತಲೆನೋವು ಸುಳ್ಳು."

ದೀಪ ಹತ್ತಿತು.

"ನೀವು ಮೀಸೆಗೆ ಹಚ್ಚೋದು ಬೂಟ್ ಪಾಲಿಶ್ ಅಂತ ಇಡೀ ಬೀದಿಗೆ ಗೊತ್ತು."

ದೀಪ ಹತ್ತಿತು. ಇವರು ಗೆಲುವಿನಿಂದ ಕಾಲು ಬೇರೆ ಕುಣಿಸುತ್ತಿದ್ದರು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ಬರೆಯುತ್ತಿದ್ದಳು. ನನಗೂ ನಗು ಬಂದಿತ್ತು. ಮುಂದಿನದನ್ನು ಹೇಳಬೇಕೆಂದು ಯೋಚಿಸಿರಲಿಲ್ಲ, ಅದೇ ಬಂದುಬಿಟ್ಟಿತು.

"ನನ್ನ ದನಿ ಹೋಗ್ತಾ ಇದೆ ರೀ. ಡಾಕ್ಟರು ನಿಮ್ಮೆದುರಿಗೇ ಹೇಳಿದ್ರು. ಇನ್ನೊಂದು ಸಲ ನೀವು ಅದನ್ನ ಕೇಳೋ ಮುಂಚೆ ಹೋಗಿಬಿಡುತ್ತೆ ಅಂತ ಭಯ ಆಗ್ತಿದೆ."

ಡಾಕ್ಟರಮ್ಮನ ಕೈ ಸುಮ್ಮನಿತ್ತು. ಆಮೇಲೆ ನಿಧಾನವಾಗಿ ಆಡಿಸಿದಳು. ದೀಪ ಹತ್ತಿತು. ಇವರು ಇನ್ನೂ ಕಾಲು ಕುಣಿಸುತ್ತಲೇ ಇದ್ದರು.

ಆಕೆ ಎದ್ದು ಒಳಗೆ ಹೋಗಿ ಕಾಗದವನ್ನು ಇವರ ಕೈಗಿಟ್ಟಳು. ಇವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಮೊದಲ ಸಾಲಿಗೆ ಹುಬ್ಬು ಮೇಲೇರಿತು, ಮೂರನೆಯದಕ್ಕೆ ಕೈ ಮೀಸೆಗೆ ಹೋಯಿತು. ನಾಲ್ಕನೆಯದನ್ನು ಬಹಳ ಹೊತ್ತು ಓದಿದರು. ಅಷ್ಟರಲ್ಲಿ ನಾನೂ ಒಳಗೆ ಹೋಗಿದ್ದೆ. ಪೆನ್ನು ಇಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನೀವು ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಇನ್ನೆಲ್ಲಿಗೆ ಕಳಿಸ್ತಾರೆ?

ಇವರು ಗುಂಡಿಯನ್ನು ಮೇಜಿನ ಮೇಲಿಟ್ಟರು. "ಕೇಳಿಸ್ಲಿಲ್ಲ," ಎಂದರು. ಮದುವೆಯಾದ ಮೇಲೆ ಆ ಪದವನ್ನು ಇವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಒಂದೂ ಕೇಳಿಸ್ಲಿಲ್ಲ ಕಣೇ."

ಬೂಟುಗಳನ್ನು ತಾವೇ ಬಿಚ್ಚಿ ಬಾಗಿಲ ಹೊರಗಿಟ್ಟು ಬಂದರು. ಹೆಬ್ಬೆರಳು ಇಣುಕುತ್ತಿದ್ದ ಕಾಲುಚೀಲದಲ್ಲಿ, ಕಣ್ಣು ಮುಚ್ಚಿ, ಪರೀಕ್ಷೆಗೆ ಕೂತರು. ಬಹಳ ಹೊತ್ತು ದೀಪ ಹತ್ತಲೇ ಇಲ್ಲ. ಕೊನೆಗೆ ಡಾಕ್ಟರಮ್ಮ ಕೋಣೆಯೊಳಗೆ ಬಂದಾಗ ಇವರು ಎದ್ದು ನೆಟ್ಟಗೆ ನಿಂತು, "ಏನಾಯ್ತು?" ಎಂದು ಕೇಳಿದರು. ಆಕೆ ನನ್ನ ಸ್ಲೇಟಿನ ಮೇಲೆ ಬರೆದಳು: ಪೂರ್ತಿ ಫೇಲ್ ಸರ್. ಇಷ್ಟು ಚೆನ್ನಾಗಿ ಯಾರೂ ಫೇಲಾಗಿಲ್ಲ. ಇವರು ಅದಕ್ಕೂ ಚೌಕಟ್ಟು ಹಾಕಿಸಬಹುದೇ ಎಂದು ವಿಚಾರಿಸಿದರು.

ಮೂರು ವಾರಕ್ಕೆ ಯಂತ್ರ ಬಂತು. ಡಾಕ್ಟರಮ್ಮ ಎರಡು ಕಿವಿಗೂ ಸಿಕ್ಕಿಸಿ, ಸಣ್ಣ ತಿರುಪನ್ನು ಸರಿಮಾಡಿ, "ಅಮ್ಮ, ಏನಾದ್ರೂ ಮೆಲ್ಲಗೆ ಹೇಳಿ," ಎಂದಳು. ಇಪ್ಪತ್ತೆರಡು ವರ್ಷದ ಬೈಗುಳ ಕೂಡಿಟ್ಟುಕೊಂಡಿದ್ದೆ. ಯಾವುದರಿಂದ ಶುರುಮಾಡಲಿ ಎಂದು ದಾರಿಯುದ್ದಕ್ಕೂ ಆಲೋಚಿಸಿಕೊಂಡು ಬಂದಿದ್ದೆ. ಇವರು ನನ್ನ ತುಟಿ ನೋಡಬಾರದೆಂದು ಬೆನ್ನ ಹಿಂದೆ ಹೋಗಿ ನಿಂತೆ.

"ನಂಬರ್ ಪ್ಲೀಸ್," ಎಂದೆ.

ಇವರು ತಿರುಗಲಿಲ್ಲ. ಬೆನ್ನು ಮಾತ್ರ ನೆಟ್ಟಗಾಯಿತು. "ನಾಲ್ಕು ಸೊನ್ನೆ ಏಳು," ಎಂದರು. ಕಿವಿಯ ಯಂತ್ರವನ್ನೊಮ್ಮೆ ಮುಟ್ಟಿ ನೋಡಿಕೊಂಡು, "ಪಶುವೈದ್ಯರು," ಎಂದರು.

ಇವರಿಗೆ ದನದ ಡಾಕ್ಟರು ಏಕೆ ಬೇಕಾಯಿತೋ ತಿಳಿಯದೆ ಡಾಕ್ಟರಮ್ಮ ಮತ್ತೆ ತಿರುಪಿಗೆ ಕೈ ಹಾಕಿದಳು. ನಾನು ಬೇಡ ಎಂದು ಸನ್ನೆ ಮಾಡಿದೆ.

"ಲೈನ್ ಬಿಜಿ ಇದೆ," ಎಂದೆ, "ಹತ್ತು ನಿಮಿಷ ಬಿಟ್ಟು ಮಾಡಿ."