ತೋಟಕ್ಕೆ ಕಾವಲಿಟ್ಟ ಕಣ್ಣು

ವಕ್ಕಲೇರಿ ರಸ್ತೆ ಬದಿಯ ಟೊಮೆಟೊ ತೋಟದಲ್ಲಿ ತಾನು ಬರೆದ ಮುಖ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದನ್ನು ಕಂಡ ನಂದೀಶ ಬೈಕ್ ನಿಲ್ಲಿಸಿದ. ಫ್ಲೆಕ್ಸಿನ ತುಂಬ ಕಿತ್ತು ಬರುವಂಥ ಎರಡು ಕಣ್ಣು, ಕೆದರಿದ ನರೆಗಡ್ಡ. ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ. ಹಣೆಯ ಮೇಲೆ ಕಾಗೆ ಹಿಕ್ಕೆ. ಬೆಳೆಗೆ ದೃಷ್ಟಿ ತಾಗದಿರಲೆಂದು ಯಾರೋ ಪುಣ್ಯಾತ್ಮ ನಿಲ್ಲಿಸಿದ್ದ.

ನಂದೀಶ ರಷ್ಯಾದ ಹಳೆಯ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ಕೈಯಾರೆ ನಕಲು ಮಾಡಿ ಮಾರುವವನು. ನರಸಾಪುರದ ಕಡೆ ಹೊಸಮನೆ ಕಟ್ಟಿಸಿದವರು ಕಾಡಿನಲ್ಲಿ ಆಡುವ ಕರಡಿಮರಿಗಳನ್ನು ಕೇಳುತ್ತಾರೆ. ಹಗ್ಗ ಹೆಗಲಿಗೆ ಹಾಕಿ ದೋಣಿ ಎಳೆಯುವ ಕೂಲಿಗಳು ಯಾರಿಗೂ ಬೇಡ. ಗೋಡೆಗೆ ತೂಗು ಹಾಕಿದರೆ ಮನೆಗೆ ದರಿದ್ರವಂತೆ. ಮಾಲೂರಿನಲ್ಲಿ ಸೈಟು ಮಾರುವ ಚಂದ್ರಮೋಹನ್ ಮಾತ್ರ ರಾಜನ ಚಿತ್ರವೇ ಬೇಕೆಂದ. ಯಾವ ರಾಜನಾದರೂ ಸರಿ, ದೊಡ್ಡದಾಗಿರಬೇಕು.

ನಂದೀಶ ಆರಿಸಿದ್ದು ಸಿಟ್ಟಿನ ಭರದಲ್ಲಿ ಮಗನ ತಲೆಗೆ ಕೋಲಿನಿಂದ ಹೊಡೆದು, ರಕ್ತ ಸುರಿಯುವ ಅವನನ್ನು ಮಡಿಲಿಗೆ ಎಳೆದುಕೊಂಡು ಕೂತ ರಾಜನನ್ನು. ಚಿತ್ರಗಳ ಪುಸ್ತಕ ನೋಡಿ ಎಷ್ಟು ತೀಡಿದರೂ ರಾಜನ ಕಣ್ಣು ಬರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿಟ್ಟು ಅಪ್ಪನ ಕಣ್ಣು ಬರೆದ.

ಅಪ್ಪ ಆವಲಪ್ಪ ಹಿಂದೊಂದು ಸಂಜೆ ಮೋಟರ್ ನೀರಿನ ಜಗಳದಲ್ಲಿ ನಂದೀಶನ ಅಣ್ಣ ಶ್ರೀಧರನ ಮೇಲೆ ಗುದ್ದಲಿ ಕಾವು ಬೀಸಿದ್ದ. ಅಣ್ಣನ ಒಂದು ಕಣ್ಣು ಹೋಯಿತು. ಆಸ್ಪತ್ರೆಯಿಂದ ನೆಟ್ಟಗೆ ತಾಯಲೂರಿನ ಹೆಂಡತಿ ಮನೆಗೆ ಹೋದವನು ಮತ್ತೆ ಈ ಹೊಸಿಲು ತುಳಿದಿಲ್ಲ. ಅಣ್ಣನ ತಲೆ ಮಡಿಲಲ್ಲಿಟ್ಟುಕೊಂಡು ಗದ್ದೆ ಬದುವಿನ ಮೇಲೆ ಕೂತಿದ್ದ ಅಪ್ಪನ ಕಣ್ಣನ್ನು ನೋಡಿದವನು ನಂದೀಶ ಒಬ್ಬನೇ. ಚಿತ್ರ ಬರೆಯುವಾಗ ಅಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ್ದ. ಏನೂ ಅನ್ನದೆ ಹೋದದ್ದರಿಂದ ಮುದುಕನಿಗೆ ಗುರುತು ಸಿಗಲಿಲ್ಲವೆಂದು ನಂದೀಶ ನಿರಾಳನಾದ.

ಚಂದ್ರಮೋಹನ್ ಹೆಂಡತಿ ನಡುಮನೆಯ ಗೋಡೆ ಮೇಲೆ ರಕ್ತ ಬೇಡವೆಂದಳು. ಚಿತ್ರ ಸಿಮೆಂಟ್ ಮೂಟೆಗಳ ಹಿಂದೆ ಸೇರಿತು. ಸೇರಲಿ, ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆ ಆಸಾಮಿ, ಕಣ್ಣು ಮಾತ್ರ ಭಾರಿ ಇದೆ ಎಂದು ಫೋಟೋ ತೆಗೆದು ಮುಳಬಾಗಿಲಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ಭಾವಮೈದುನನಿಗೆ ಕಳಿಸಿದ. ಅವನು ಚಿತ್ರದ ಮಗನನ್ನು ಕತ್ತರಿಸಿ ಬಿಸಾಕಿ, ರಾಜನ ಮುಖವೊಂದನ್ನೇ ಅಚ್ಚು ಹಾಕಿ ಮಾರಿದ. ನಂದೀಶ ಫೋನ್ ಮಾಡಿ ಕೇಳಿದರೆ, ನೀವು ಬರೆದ ಕಣ್ಣಿಗೆ ಹುಳ ಕೂಡ ಹೆದರುತ್ತದಂತೆ ಎಂದು ಚಂದ್ರಮೋಹನ್ ನಕ್ಕ. ಥೂ, ಅವನ ನಗುವಿಗಿಷ್ಟು ಬೆಂಕಿ ಹಾಕ. ನಂದೀಶನಿಗೆ ಆಮೇಲೆ ಕುಂಚ ಮುಟ್ಟಲೂ ಅಸಹ್ಯವಾಯಿತು.

ಇಂಥ ಹೊತ್ತಿನಲ್ಲೇ ಶ್ರೀಧರನ ಮಗಳು ಗಂಗಾಳ ಮದುವೆ ಗೊತ್ತಾಯಿತು. ಅತ್ತಿಗೆ ಸುನಂದ ಫೋನ್ ಮಾಡಿ, ಮದುವೆಗೆ ನಾಲ್ಕು ದಿನ ಮುಂಚೆಯೇ ಮಾವನನ್ನು ಕರೆದುಕೊಂಡು ಬನ್ನಿ, ನಿಮ್ಮಣ್ಣ ಬೇಡ ಅಂದಿಲ್ಲ ಎಂದಳು. ಆವಲಪ್ಪ ಹೊಸ ಪಂಚೆ ತೆಗೆದ. ಈಗ ನಂದೀಶನಿಗೆ ಒಂದೇ ಹೆದರಿಕೆ. ದಾರಿಯಲ್ಲಿ ಆ ದರಿದ್ರ ಫ್ಲೆಕ್ಸ್ ಕಂಡು ಅಪ್ಪನಿಗೆ ಗುರುತು ಹತ್ತಿದರೆ, ಮುದುಕ ಅಲ್ಲಿಂದಲೇ ಹಿಂದಿರುಗುತ್ತಾನೆ. ಅಪ್ಪ ಮಕ್ಕಳು ಸಾಯುವ ತನಕ ಸೇರುವುದಿಲ್ಲ. ಅದಕ್ಕೇ ತೋಟಗಳ ದಾರಿ ಬಿಟ್ಟು ಹೈವೇ ಹಿಡಿದ. ಹಾದಿಯುದ್ದಕ್ಕೂ, ಅಪ್ಪ, ಧೂಳು ಬರುತ್ತೆ ಕಣ್ಣು ಮುಚ್ಚಿಕೋ ಎಂದು ಗೋಗರೆದ.

ಕಳ್ಳನಿಗೊಂದು ಪಿಳ್ಳೆ ನೆವ. ತಾಯಲೂರು ದಾಟಿ ಅಣ್ಣನ ತೋಟದ ತಿರುವಿಗೆ ಬಂದರೆ, ಬದುವಿನ ಮೇಲೆ ಅದೇ ಮುಖ. ಊರವರೆಲ್ಲ ಕಟ್ಟಿದ್ದಾರೆಂದು ಶ್ರೀಧರನೂ ಮುಳಬಾಗಿಲಿನಿಂದ ತಂದು ಕಟ್ಟಿದ್ದ. ಯಾರ ಮುಖವೆಂದು ಅವನಿಗೇನು ಗೊತ್ತು?

ಆವಲಪ್ಪ ಬೈಕ್ ನಿಲ್ಲಿಸಲು ಹೇಳಿ ಇಳಿದ. ಟೊಮೆಟೊ ಕ್ರೇಟ್ ಕೆಳಗಿಟ್ಟು ಶ್ರೀಧರನೂ ಬಂದ. ನಂದೀಶ ಓಡಿಹೋಗಿ ಫ್ಲೆಕ್ಸಿಗೆ ಕೈ ಹಾಕಿದ.

"ಕೀಳ್ಬೇಡ ಕಣೋ," ಎಂದ ಆವಲಪ್ಪ. ಹೆಗಲ ಟವೆಲಿನಿಂದ ಆ ಹಣೆಯ ಹಿಕ್ಕೆ ಒರೆಸಿದ. "ನೀನು ಬರೀವಾಗ ಇದರ ಮಡಿಲಲ್ಲಿ ಮಗ ಇದ್ನಲ್ಲ. ಅವನ್ನ ಯಾರು ತೆಗೆದಿದ್ದು?"

ಶ್ರೀಧರ ಉಳಿದ ಒಂದು ಕಣ್ಣಿನಲ್ಲಿ ಫ್ಲೆಕ್ಸ್ ನೋಡಿದ, ಅಪ್ಪನನ್ನು ನೋಡಿದ. ಆ ಸಂಜೆ ಮುಖದ ತುಂಬ ರಕ್ತ ಇಳಿದು ಅವನಿಗೆ ಅಪ್ಪನ ಮುಖ ಕಂಡಿರಲೇ ಇಲ್ಲ.

"ಆವತ್ತು ಹಿಂಗಿತ್ತಾ ನಿನ್ ಕಣ್ಣು?"

"ನಂಗೇನ್ ಗೊತ್ತಪ್ಪಾ," ಎಂದ ಆವಲಪ್ಪ. "ನೋಡ್ದೋನು ಇವನು. ಬರ್ದು ಮಾರ್ಕೊಂಡವ್ನೆ."

ನಂದೀಶ ಫ್ಲೆಕ್ಸಿನಿಂದ ಕೈ ತೆಗೆದ. ಈ ಸಲ ಬೈಯಲು ಚಂದ್ರಮೋಹನ್ ಸಿಗಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ತನ್ನ ಪಾಪವನ್ನು ತಾನೇ ನೋಡುತ್ತಿದ್ದಾಗ, ಕಣ್ಣು ಸರಿಯಾಗಿ ಕೂತಿತೆಂದು ತಾನು ಹಿಗ್ಗಿದ್ದು ನೆನಪಾಯಿತು.

ಶ್ರೀಧರ ದಾರ ಬಿಚ್ಚಿದ. ಫ್ಲೆಕ್ಸನ್ನು ಮುಖ ಒಳಗಾಗುವಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅಪ್ಪನ ರಟ್ಟೆ ಹಿಡಿದ.

"ನಡಿಯಪ್ಪಾ, ಗಂಗಾ ಕಾಯ್ತವ್ಳೆ."

ಇಬ್ಬರೂ ಬದು ಇಳಿದು ಮನೆ ಕಡೆ ಹೋದರು. ನಂದೀಶನನ್ನು ಯಾರೂ ಕರೆಯಲಿಲ್ಲ.